ಹೌರಾ ಸೇತುವೆ

ಪಶ್ಚಿಮ ಬಂಗಾಳದ ಕೋಲ್ಕತ್ತ ಮತ್ತು ಹೌರಾ ನಗರಗಳ ನಡುವೆ ಹೂಗ್ಲಿ ನದಿಯನ್ನು ದಾಟುವ ಉಕ್ಕಿನ ರಸ್ತೆ ಸೇತುವೆ. ಕಟ್ಟಡ ಕೆಲಸ 1936ರಲ್ಲಿ ಶುರುವಾಗಿ 1942ರಲ್ಲಿ ಮುಗಿಯಿತು; 1943ರ ಫೆಬ್ರುವರಿ 3ರಂದು ಸಂಚಾರಕ್ಕೆ ತೆರೆಯಿತು. ಒಟ್ಟು ಉದ್ದ 705 ಮೀ.; ಎರಡು ಗೋಪುರಗಳ ನಡುವಿನ ಅಂತರ 1,500 ಅಡಿ, ಅಂದರೆ 457 ಮೀ. 1965ರ ಜೂನ್ 14ರಿಂದ ಇದರ ಅಧಿಕೃತ ಹೆಸರು ರವೀಂದ್ರ ಸೇತು. ಆ ಹೆಸರು ಕಡತಗಳಲ್ಲಿ, ಫಲಕಗಳಲ್ಲಿ ಉಳಿದಿದೆಯೇ ಹೊರತು ಬಸ್ಸಿನ ಕಂಡಕ್ಟರು, ತಲೆಹೊರೆಯವರು, ಟ್ಯಾಕ್ಸಿಯವರು ಯಾರೂ ಅದನ್ನು ಬಳಸುವುದಿಲ್ಲ. ಅವರಿಗೆ ಅದು ಹೌರಾ ಬ್ರಿಜ್. ಬೆಂಗಳೂರಿನಿಂದ ಹೌರಾಕ್ಕೆ ಹೋಗುವ ರೈಲಿನಲ್ಲಿ ಒಂದೂವರೆ ದಿನ ಕೂತು, ನಿಲ್ದಾಣದಿಂದ ಹೊರಬಿದ್ದ ಕನ್ನಡಿಗರ ಕಣ್ಣಿಗೂ ಕೋಲ್ಕತ್ತ ಎಂದು ಮೊದಲು ಬೀಳುವುದು ಇದೇ ಬೂದುಬಣ್ಣದ ಉಕ್ಕಿನ ಬೆಟ್ಟ.

ಈ ಸೇತುವೆಯನ್ನು ಅರಿಯಬೇಕಾದರೆ ಮೊದಲು ಗಮನಿಸಬೇಕಾದ್ದು ಅದರಲ್ಲಿ ಇಲ್ಲದ ಒಂದು ಸಂಗತಿಯನ್ನು. ನದಿಯ ನಡುವೆ ಒಂದು ಕಂಬವೂ ಇಲ್ಲ. ಗೋಪುರಗಳೆರಡೂ ದಡದ ಅಂಚಿನಲ್ಲೇ ನಿಂತಿವೆ. ಇಷ್ಟು ಭಾರಿ ಉಕ್ಕು, ಇಷ್ಟು ಎತ್ತರ, ಇಷ್ಟು ವರ್ಷಗಳ ಚರ್ಚೆ ಎಲ್ಲವೂ ಆ ಒಂದು ಷರತ್ತಿನಿಂದ ಹುಟ್ಟಿದವು. ರಸ್ತೆಗೆ ಸೇತುವೆ ಬೇಕು, ಹಡಗಿಗೆ ದಾರಿ ಬೇಕು: ಇವೆರಡರ ನಡುವಿನ ಚೌಕಾಸಿ ಎಂಬತ್ತು ವರ್ಷ ನಡೆಯಿತು.

ತೇಲುವ ಸೇತುವೆ

ಹೂಗ್ಲಿಯು ಗಂಗೆಯ ಒಂದು ಕವಲು. ಊರಿನವರ ಬಾಯಲ್ಲಿ ಅದು ಗಂಗೆಯೇ. ಸಮುದ್ರ ನೂರು ಕಿ.ಮೀ.ಗೂ ಹೆಚ್ಚು ದೂರವಿದ್ದರೂ ಉಬ್ಬರವಿಳಿತ ಇಲ್ಲಿಯತನಕ ಮುಟ್ಟುತ್ತದೆ. ಕೆಲವು ತಿಥಿಗಳಲ್ಲಿ ಉಬ್ಬರದ ನೀರು ಒಂದೇ ಗೋಡೆಯಂತೆ ಎದ್ದು ನದಿಯ ವಿರುದ್ಧ ನುಗ್ಗಿ ಬರುವುದುಂಟು. ಬಂಗಾಳಿಗಳು ಅದನ್ನು ‘ಬಾನ್’ ಎನ್ನುತ್ತಾರೆ. ತಳದಲ್ಲಿ ಗಟ್ಟಿ ಬಂಡೆಯಿಲ್ಲ, ಹೂಳೋ ಹೂಳು.

1854ರ ಆಗಸ್ಟ್ 15ರಂದು ಹೌರಾದಿಂದ ಹೂಗ್ಲಿ ಪಟ್ಟಣಕ್ಕೆ ಮೊದಲ ರೈಲು ಓಡಿತು. ರೈಲು ಆ ದಡದಲ್ಲಿ, ರಾಜಧಾನಿ ಈ ದಡದಲ್ಲಿ. ಪ್ರಯಾಣಿಕರು ಕಲ್ಕತ್ತ ಬದಿಯ ಅರ್ಮೇನಿಯನ್ ಘಾಟಿನಲ್ಲಿದ್ದ ರೈಲ್ವೆ ಕಚೇರಿಯಲ್ಲಿ ಟಿಕೆಟ್ ಕೊಂಡು, ಉಗಿದೋಣಿ ಹತ್ತಿ ನದಿ ದಾಟಿ ನಿಲ್ದಾಣ ಸೇರುತ್ತಿದ್ದರು. ಸೇತುವೆ ಕಟ್ಟಬಹುದೇ ನೋಡಿ ಎಂದು ಬಂಗಾಳ ಸರ್ಕಾರ 1862ರಲ್ಲಿ ಈಸ್ಟ್ ಇಂಡಿಯನ್ ರೈಲ್ವೆಯ ಮುಖ್ಯ ಎಂಜಿನಿಯರ್ ಜಾರ್ಜ್ ಟರ್ನ್‌ಬುಲ್ ಅವರನ್ನು ಕೇಳಿತು. ಕಲ್ಕತ್ತದ ಎದುರು ಹೂಳು ಬಲು ಆಳ, ಇಲ್ಲಿ ಬೇಡ, ಮೇಲ್ಗಡೆ ಪಲ್ಟಾ ಘಾಟಿನ ಬಳಿ ಕಟ್ಟಿ ಎಂದರು ಅವರು. ತಳ ಸಿಗದಿದ್ದರೆ ತಳವೇ ಬೇಡದ ಸೇತುವೆ ಕಟ್ಟೋಣ ಎಂಬ ತೀರ್ಮಾನಕ್ಕೆ ಬರಲು ಮತ್ತೆ ಹತ್ತು ವರ್ಷ ಹಿಡಿಯಿತು. ಸರ್ ಬ್ರ್ಯಾಡ್‌ಫರ್ಡ್ ಲೆಸ್ಲಿ ರೂಪಿಸಿದ ಆ ಸೇತುವೆಯ ಭಾಗಗಳು ಇಂಗ್ಲೆಂಡಿನಲ್ಲಿ ತಯಾರಾಗಿ, ಹಡಗಿನಲ್ಲಿ ಬಂದು, ಇಲ್ಲಿ ಜೋಡಣೆಯಾದವು. ಸಾಲಾಗಿ ಲಂಗರು ಹಾಕಿ ನಿಲ್ಲಿಸಿದ ತೇಲುದೋಣಿಗಳ ಮೇಲೆ 1,528 ಅಡಿ ಉದ್ದ, 62 ಅಡಿ ಅಗಲದ ಮರದ ಹಾಸು; ಎರಡೂ ಬದಿಗೆ ಏಳೇಳು ಅಡಿಯ ಕಾಲುದಾರಿ.

ಮುಗಿಯುವ ಮುಂಚೆಯೇ ಅದಕ್ಕೊಂದು ಪೆಟ್ಟು ಬಿತ್ತು. 1874ರ ಮಾರ್ಚ್ 20ರ ಬಿರುಗಾಳಿಯಲ್ಲಿ ‘ಇಜೀರಿಯಾ’ ಎಂಬ ಉಗಿಹಡಗು ಹಗ್ಗ ಕಿತ್ತುಕೊಂಡು ಬಂದು ಸೇತುವೆಗೆ ಬಡಿಯಿತು. ಮೂರು ತೇಲುದೋಣಿಗಳು ಮುಳುಗಿ, ಸುಮಾರು 200 ಅಡಿ ಹಾಸು ಹಾಳಾಯಿತು. ರಿಪೇರಿ ಮಾಡಿ ಅದೇ ವರ್ಷ ಅಕ್ಟೋಬರ್ 17ರಂದು ತೆರೆದರು. ಒಟ್ಟು ಖರ್ಚು 22 ಲಕ್ಷ ರೂಪಾಯಿ. 1879ರಲ್ಲಿ ಮಲ್ಲಿಕ್ ಘಾಟಿನ ಪಂಪುಮನೆಯ ಡೈನಮೋದಿಂದ ತಂತಿ ಎಳೆದು ಸೇತುವೆಯ ಮೇಲೆ ವಿದ್ಯುದ್ದೀಪ ಬೆಳಗಿಸಿದರು. ಊರಿನ ಬೀದಿಗಳಲ್ಲಿ ಆಗಿನ್ನೂ ಗ್ಯಾಸ್ ದೀಪ.

ಹಡಗು ಬಂದಾಗ ನಡುವಿನ 200 ಅಡಿಯಷ್ಟು ಹಾಸನ್ನು ಬಿಡಿಸಿ ಬದಿಗೆ ಸರಿಸಬೇಕು. ಆ ಹೊತ್ತಿಗೆ ಎರಡೂ ದಡಗಳಲ್ಲಿ ಎತ್ತಿನ ಗಾಡಿ, ಪಲ್ಲಕ್ಕಿ, ತಲೆಹೊರೆ ಎಲ್ಲವೂ ನಿಂತಲ್ಲೇ ನಿಲ್ಲಬೇಕು. ಯಾವ ದಿನ ಯಾವ ಹೊತ್ತಿಗೆ ಸೇತುವೆ ತೆರೆಯುತ್ತದೆಂದು ಪತ್ರಿಕೆಗಳಲ್ಲಿ ಮುಂಚಿತವಾಗಿ ಪ್ರಕಟವಾಗುತ್ತಿತ್ತು. ನಮ್ಮ ರೈಲ್ವೆ ಗೇಟುಗಳ ಮುಂದೆ ಗಡಿಯಾರ ನೋಡುತ್ತ ಚಡಪಡಿಸಿದವರಿಗೆ ಆ ಸಂಕಟ ಏನೆಂದು ವಿವರಿಸಬೇಕಿಲ್ಲ. 1906ರಿಂದ ಸಮುದ್ರಯಾನದ ದೊಡ್ಡ ಹಡಗುಗಳನ್ನು ಬಿಟ್ಟು ಉಳಿದವುಗಳಿಗೆ ರಾತ್ರಿಯಲ್ಲೇ ದಾರಿ ಬಿಡತೊಡಗಿದ ಮೇಲೆ ಹಗಲಿನ ಗೋಳು ಒಂದಿಷ್ಟು ಇಳಿಯಿತು. ಆ ಕಾಲದ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎತ್ತಿನ ಗಾಡಿಗಳೇ. ಉಬ್ಬರವಿದ್ದಾಗ ಸೇತುವೆ ಏರಿ ಇಳಿತದಲ್ಲಿ ತಗ್ಗುತ್ತಿದ್ದುದರಿಂದ ದಡದ ಕಡೆಯ ಇಳಿಜಾರು ಗಂಟೆಗೊಂದು ತೆರನಾಗಿರುತ್ತಿತ್ತು. ತುಂಬಿದ ಗಾಡಿ ಎಳೆಯುವ ಎತ್ತಿನ ಪಾಡು ಹೇಳತೀರದು. ಆದರೂ ಆ ಮರದ ಹಾಸು 1943ರವರೆಗೆ, ಸುಮಾರು ಎಪ್ಪತ್ತು ವರ್ಷ, ಊರಿನ ಭಾರವನ್ನೆಲ್ಲ ಹೊತ್ತಿತು. ಹೊಸ ಸೇತುವೆಯ ಗುಣಗಾನದಲ್ಲಿ ಈ ಹಳೆಯದಕ್ಕೆ ಸಲ್ಲಬೇಕಾದ್ದು ಸಂದಿಲ್ಲವೆಂದೇ ಹೇಳಬೇಕು.

ಹೊಸ ಸೇತುವೆ

ಸರ್ ರಾಜೇಂದ್ರನಾಥ್ ಮುಖರ್ಜಿ ಅವರ ನೇತೃತ್ವದ ಎಂಜಿನಿಯರುಗಳ ಸಮಿತಿ 1921ರಲ್ಲಿ ಹೊಸ ಸೇತುವೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. 1926ರಲ್ಲಿ ಹೊಸ ಹೌರಾ ಸೇತುವೆ ಕಾಯಿದೆ ಬಂತು. ನದಿಯಲ್ಲಿ ಕಂಬ ನಿಲ್ಲಿಸಿದರೆ ಹಡಗಿಗೆ ಅಡ್ಡಿ. ಅದಕ್ಕಿಂತ ಹೆಚ್ಚಾಗಿ ಕಂಬಕ್ಕೆ ಬಡಿದ ನೀರು ದಿಕ್ಕು ಬದಲಿಸಿ ಎಲ್ಲೆಲ್ಲೋ ಹೂಳು ತುಂಬುತ್ತದೆಂಬ ಭಯ. ಕೊನೆಗೆ ಲಂಡನ್ನಿನ ರೆಂಡೆಲ್, ಪಾಮರ್ ಅಂಡ್ ಟ್ರಿಟನ್ ಸಂಸ್ಥೆಯ ನಕ್ಷೆ ಒಪ್ಪಿಗೆಯಾಯಿತು. ಅದು ಕ್ಯಾಂಟಿಲಿವರ್ ಬಗೆಯದು.

ಕ್ಯಾಂಟಿಲಿವರ್ ಎಂದರೆ ಚಾಚುತೋಳು. ನಮ್ಮ ತೋಟದ ಹಳೆಯ ಬಾವಿಗಳಲ್ಲಿ ಒಳಗೋಡೆಯಿಂದ ಚಾಚಿಕೊಂಡ ಮೆಟ್ಟಿಲುಗಲ್ಲುಗಳನ್ನು ನೆನೆಸಿಕೊಳ್ಳಿ: ಒಂದು ತುದಿ ಗೋಡೆಯಲ್ಲಿ ಹೂತಿದೆ, ಇನ್ನೊಂದು ತುದಿ ಗಾಳಿಯಲ್ಲಿದೆ, ಆದರೂ ಕೊಡ ಹೊತ್ತವರ ಕಾಲಿಗೆ ಅದು ಅಲುಗದು. ಹೂತ ತುದಿಯ ಮೇಲಿನ ಭಾರವೇ ಹೊರಗಿನ ತುದಿಯನ್ನು ಹಿಡಿದಿರುತ್ತದೆ. ಹೌರಾದಲ್ಲಿ ಆ ಕೆಲಸ ಮಾಡುವುದು ಗೋಪುರದ ಹಿಂಬದಿಗೆ, ದಡದ ಕಡೆಗೆ ಇಳಿಯುವ 325 ಅಡಿಯ ಲಂಗರು ತೋಳು. ಗೋಪುರದ ಮುಂಬದಿಗೆ 468 ಅಡಿ ಉದ್ದದ ತೋಳು ನದಿಯ ಮೇಲೆ ಚಾಚಿದೆ. ಎರಡು ದಡಗಳಿಂದ ಹೀಗೆ ಚಾಚಿದ ತೋಳುಗಳು ನಡುವೆ 564 ಅಡಿಯ ಇನ್ನೊಂದು ತುಂಡನ್ನು ತೂಗುಹಾಕಿಕೊಂಡು ಹಿಡಿದಿವೆ. ಕೂಡಿದರೆ ಸರಿಯಾಗಿ 1,500 ಅಡಿ. ವಾಹನಗಳು ಓಡುವ ಹಾಸು ಕೂಡ ಈ ಚೌಕಟ್ಟಿನ ಮೇಲೆ ಕೂತಿಲ್ಲ. 39 ಜೊತೆ ಉಕ್ಕಿನ ತೂಗುಕಂಬಿಗಳಿಂದ ಕೆಳಗೆ ಜೋತಿದೆ. ರಸ್ತೆ 71 ಅಡಿ ಅಗಲ, ಎರಡೂ ಬದಿಯ ಕಾಲುದಾರಿ 15 ಅಡಿ. ತೆರೆದಾಗ ಈ ಬಗೆಯ ಸೇತುವೆಗಳಲ್ಲಿ ಕೆನಡಾದ ಕ್ವಿಬೆಕ್ ಮತ್ತು ಸ್ಕಾಟ್ಲೆಂಡಿನ ಫೋರ್ತ್ ಮಾತ್ರ ಇದಕ್ಕಿಂತ ದೊಡ್ಡವು, ಅವೆರಡೂ ರೈಲಿಗಾಗಿ ಕಟ್ಟಿದವು.

ಅತಿ ಕಷ್ಟದ ಕೆಲಸ ನಡೆದದ್ದು ಕಣ್ಣಿಗೆ ಕಾಣದ ಕಡೆ. ಗೋಪುರದ ಬುಡಕ್ಕೆ 55 ಮೀ. ಉದ್ದ, ಸುಮಾರು 25 ಮೀ. ಅಗಲದ ದೈತ್ಯ ಪೆಟ್ಟಿಗೆಗಳನ್ನು ಕಟ್ಟಿ, ಒಳಗಿನ 21 ಬಾವಿಗಳಿಂದ ಮಣ್ಣನ್ನು ತೋಡಿ ತೆಗೆಯುತ್ತ, ಪೆಟ್ಟಿಗೆ ತನ್ನ ತೂಕಕ್ಕೆ ತಾನೇ ಇಳಿಯುವಂತೆ ಮಾಡಿದರು. ಹಳ್ಳಿಯಲ್ಲಿ ಬಾವಿಗೆ ಸಿಮೆಂಟಿನ ಬಳೆ ಇಳಿಸುವ ಉಪಾಯವೇ ಇದು, ಅಳತೆ ಮಾತ್ರ ಬೇರೆ. ಹೌರಾ ಬದಿಯಲ್ಲಿ ಇದು ಸರಾಗವಾಗಿ ನಡೆಯಿತು. ಕಲ್ಕತ್ತ ಬದಿಯಲ್ಲಿ ಮರಳು ಒಳಗೆ ನುಗ್ಗುತ್ತಿದ್ದುದರಿಂದ ಒತ್ತಿದ ಗಾಳಿ ತುಂಬಿ ಅದನ್ನು ತಡೆಹಿಡಿಯಬೇಕಾಯಿತು. ಆ ಕೆಲಸಕ್ಕೆ ಸುಮಾರು 500 ಮಂದಿ ಬೇಕಾದರು. ಮಣ್ಣಿನ ಜೊತೆ ಲಂಗರುಗಳು, ಫಿರಂಗಿ ಗುಂಡುಗಳು, ಹಿತ್ತಾಳೆ ಪಾತ್ರೆಗಳು, ಈಸ್ಟ್ ಇಂಡಿಯಾ ಕಂಪನಿಯ ಕಾಲದ ನಾಣ್ಯಗಳು ಮೇಲೆ ಬಂದವು. ಒಂದು ರಾತ್ರಿ ಕೆಳಗಿನ ಮಣ್ಣು ಇದ್ದಕ್ಕಿದ್ದಂತೆ ಕುಸಿದು ಇಡೀ ಪೆಟ್ಟಿಗೆ ಎರಡು ಅಡಿ ಧೊಪ್ಪನೆ ಇಳಿಯಿತು. ಕಿದರ್‌ಪುರದ ಭೂಕಂಪಮಾಪಕ ಅದನ್ನು ಭೂಕಂಪವೆಂದೇ ದಾಖಲಿಸಿತು. ದಡದ ಮೇಲಿದ್ದ ಒಂದು ಗುಡಿಯೂ ಬಿದ್ದುಹೋಯಿತು. ಗುಡಿಯನ್ನು ಆಮೇಲೆ ಮರಳಿ ಕಟ್ಟಿಕೊಟ್ಟರು.

ಉಕ್ಕಿನ ಕತೆಯೂ ಸ್ವಾರಸ್ಯದ್ದು. ಬೇಕಾದದ್ದು 26,500 ಟನ್. ಯುದ್ಧದ ದಿನಗಳು, ಇಂಗ್ಲೆಂಡಿನ ಕಾರ್ಖಾನೆಗಳಿಗೆ ತಮ್ಮ ತೋಪು, ಟ್ಯಾಂಕುಗಳಿಗೇ ಉಕ್ಕು ಸಾಲದು. ಕೊನೆಗೆ 23,000 ಟನ್ನನ್ನು ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆ ಪೂರೈಸಿತು. ಇದಕ್ಕೆಂದು ಅಲ್ಲಿ ತಯಾರಾದ ಹೆಚ್ಚು ಬಲದ ಮಿಶ್ರ ಉಕ್ಕಿನ ಹೆಸರು ಟಿಸ್ಕ್ರೋಮ್. ಸರ್ ಎಂ. ವಿಶ್ವೇಶ್ವರಯ್ಯ 1927ರಿಂದ 1955ರವರೆಗೆ ಆ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿದ್ದರು. ಸೇತುವೆಯಲ್ಲಿ ಅವರ ಕೈಯಿತ್ತು ಎಂದು ಎಳೆದು ತರುವುದು ಬೇಡ. ‘ಕೈಗಾರಿಕೆ ಇಲ್ಲವೇ ವಿನಾಶ’ ಎಂದ ಮನುಷ್ಯ ಕೂತ ಮಂಡಳಿಯ ಕಾರ್ಖಾನೆ ಆ ಹೊತ್ತಿನಲ್ಲಿ ಇಂಥದೊಂದು ಪರೀಕ್ಷೆ ಪಾಸು ಮಾಡಿತೆಂಬುದಷ್ಟೇ ಇಲ್ಲಿ ಹೇಳತಕ್ಕದ್ದು. ಉಕ್ಕನ್ನು ಕತ್ತರಿಸಿ, ತೂತು ಕೊರೆದು, ಜೋಡಣೆಗೆ ಸಿದ್ಧಗೊಳಿಸಿದ್ದು ಕಲ್ಕತ್ತದಲ್ಲೇ, ಬ್ರೇತ್‌ವೇಟ್, ಬರ್ನ್ ಅಂಡ್ ಜೆಸ್ಸಪ್ ಕಂಪನಿಯವರು. ಇಡೀ ಸೇತುವೆಯನ್ನು ನಟ್ಟು ಬೋಲ್ಟುಗಳಿಲ್ಲದೆ ರಿವೆಟ್ ಹೊಡೆದು ಕೂಡಿಸಿದ್ದಾರೆ. ಕಾಲುದಾರಿಯಲ್ಲಿ ನಿಂತು ಯಾವುದಾದರೂ ತೊಲೆಯ ಮೇಲೆ ಅಂಗೈ ಇಟ್ಟರೆ, ಬಣ್ಣದ ಹತ್ತಾರು ಪದರಗಳ ಕೆಳಗೆ ಕೋಡುಬಳೆ ಹಿಟ್ಟಿನ ಉಂಡೆಯ ಗಾತ್ರದ ರಿವೆಟ್ ತಲೆಗಳು ಸಾಲಾಗಿ ಕೈಗೆ ಸಿಗುತ್ತವೆ. ಬಸ್ಸು ಹೋದಾಗಲೆಲ್ಲ ಅವು ಅಂಗೈಯೊಳಗೆ ಸಣ್ಣಗೆ ಗುಂಯ್‌ಗುಡುತ್ತವೆ.

1941ರ ನಡುವಿನ ಹೊತ್ತಿಗೆ ಎರಡೂ ಚಾಚುತೋಳುಗಳು ಮುಗಿದಿದ್ದವು, ನಡುವಿನ ತುಂಡು ಇನ್ನೂ ಏರಿರಲಿಲ್ಲ. ಆ ವರ್ಷ ಆಗಸ್ಟ್ 7ರಂದು ರವೀಂದ್ರನಾಥ ಠಾಕೂರರು ಜೋಡಾಸಾಂಕೋದ ಮನೆಯಲ್ಲಿ ತೀರಿಕೊಂಡರು. ಸೇತುವೆಯಿಂದ ಮೇಲ್ಗಡೆಗೆ ಹೂಗ್ಲಿಯ ಅದೇ ದಡದಲ್ಲಿರುವ ನೀಮ್‌ತಲಾ ಘಾಟಿನಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ಮುಂದೆ ಅವರ ಹೆಸರು ಹೊರಲಿದ್ದ ಸೇತುವೆ ಆ ದಿನ ನದಿಯ ಮೇಲೆ ಎರಡು ತುಂಡಾಗಿ ನಿಂತಿತ್ತು. ಡಿಸೆಂಬರಿನಲ್ಲಿ ನಡುವಿನ ಎರಡು ಅರ್ಧಗಳು ಎರಡೂ ಕಡೆಯಿಂದ ಬಂದವು. ತಲಾ 800 ಟನ್ ಶಕ್ತಿಯ 16 ಜಾಕಿಗಳನ್ನು ಹಚ್ಚಿ ಅವನ್ನು ಕೂಡಿಸಿದರು.

ಅಷ್ಟರಲ್ಲಿ ಜಪಾನು ಯುದ್ಧಕ್ಕಿಳಿದಿತ್ತು. 1942ರ ಡಿಸೆಂಬರಿನಲ್ಲಿ ಕಲ್ಕತ್ತದ ಮೇಲೆ ಬಾಂಬು ಬಿದ್ದವು. ಹೀಗಾಗಿ ಸೇತುವೆಗೆ ಉದ್ಘಾಟನೆಯ ಸಮಾರಂಭವೇ ನಡೆಯಲಿಲ್ಲ: ಬ್ಯಾಂಡಿಲ್ಲ, ಭಾಷಣವಿಲ್ಲ, ಟೇಪು ಕತ್ತರಿಸಲು ಲಾಟ್ ಸಾಹೇಬರಿಲ್ಲ. ಫೆಬ್ರುವರಿಯ ಒಂದು ರಾತ್ರಿ ಒಂಟಿ ಟ್ರಾಮು ಸದ್ದಿಲ್ಲದೆ ದಾಟಿತು, ಅಷ್ಟೆ. ಮುಂದೆ ಐವತ್ತು ವರ್ಷ ಟ್ರಾಮುಗಳು ಓಡಿದವು. ಭಾರ ಹೆಚ್ಚಾಯಿತೆಂದು 1993ರಲ್ಲಿ ನಿಲ್ಲಿಸಿದರು.

ಸುತ್ತಲಿನ ಹೆಗ್ಗುರುತುಗಳು

ಪಡುವಣ ತುದಿಯಲ್ಲಿ ಹೌರಾ ನಿಲ್ದಾಣ. ಕೆಂಪು ಇಟ್ಟಿಗೆಯ, ಚೌಕ ಗೋಪುರಗಳ ಈಗಿನ ಕಟ್ಟಡವನ್ನು ವಿನ್ಯಾಸಗೊಳಿಸಿದ್ದು ವಾಸ್ತುಶಿಲ್ಪಿ ಹಾಲ್ಸೀ ರಿಕಾರ್ಡೊ, ತೆರೆದದ್ದು 1905ರಲ್ಲಿ. ದೇಶದ ಅತಿ ದಟ್ಟಣೆಯ ನಿಲ್ದಾಣಗಳಲ್ಲಿ ಇದೂ ಒಂದು. ಕಾರುಗಳು ಪ್ಲಾಟ್‌ಫಾರಂಗಳ ನಡುವಿನ ರಸ್ತೆಯಲ್ಲಿ ರೈಲಿನ ಪಕ್ಕಕ್ಕೇ ಬಂದು ನಿಲ್ಲುವುದು ಇಲ್ಲಿನ ವಿಶೇಷ. ಒಳಗಿನ ‘ಬಡೋ ಘಡಿ’, ಅಂದರೆ ದೊಡ್ಡ ಗಡಿಯಾರ, 1926ರದು. ಇಂಗ್ಲೆಂಡಿನ ಲೆಸ್ಟರಿನ ಜೆಂಟ್ಸ್ ಕಂಪನಿ ಮಾಡಿದ್ದು. ಬೆನ್ನಿಗೆ ಬೆನ್ನು ಕೊಟ್ಟ ಎರಡು ಮುಖಗಳು ಅದಕ್ಕೆ. ‘ದೊಡ್ಡ ಗಡಿಯಾರದ ಕೆಳಗೆ ಸಿಗು’ ಎಂದರೆ ಬಂಗಾಳದಲ್ಲಿ ಮತ್ತೆ ಗುರುತು ಹೇಳಬೇಕಾಗಿಲ್ಲ. ನಿಲ್ದಾಣದ ಎದುರಿಗೇ ಲಾಂಚುಗಳ ಕಟ್ಟೆ. ಸೇತುವೆಯ ನೂಕುನುಗ್ಗಲು ಬೇಡವೆನ್ನುವವರು ಈಗಲೂ ನೀರಿನ ಮೇಲೆ ಹೋಗುತ್ತಾರೆ. ಸೇತುವೆಯ ಪೂರ್ತಿ ಆಕಾರ ಕಣ್ತುಂಬುವುದೂ ಆ ಲಾಂಚಿನಿಂದಲೇ. ಸೇತುವೆಯ ಮೇಲೆ ನಿಂತವರಿಗೆ ಕಾಣುವುದು ತೊಲೆಗಳು ಮತ್ತು ಮುಂದಿನವನ ಬೆನ್ನು.

ಮೂಡಣ ತುದಿಯಲ್ಲಿ, ಸೇತುವೆಯ ನೆರಳು ಬೀಳುವಷ್ಟು ಹತ್ತಿರ, ಮಲ್ಲಿಕ್ ಘಾಟ್. 1855ರಲ್ಲಿ ರಾಮಮೋಹನ್ ಮಲ್ಲಿಕ್ ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ್ದು. ಇಂದು ಇಲ್ಲಿರುವುದು ದೇಶದ ದೊಡ್ಡ ಹೂವಿನ ಸಂತೆಗಳಲ್ಲೊಂದು. ಕೋಲಾಘಾಟ್, ಪಾಂಸ್ಕುಡಾ, ರಾಣಾಘಾಟ್ ಕಡೆಯಿಂದ ಮೊದಲ ರೈಲುಗಳಲ್ಲಿ ಬಂದ ಹೂ ಬೆಳಕು ಹರಿಯುವ ಮುಂಚೆಯೇ ಮಾರಾಟಕ್ಕೆ ನಿಂತಿರುತ್ತದೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಕಂಡವರಿಗೆ ಇಲ್ಲಿನ ಗಲಾಟೆ ಹೊಸದಲ್ಲ, ಹೂವಿನ ಲೆಕ್ಕ ಹೊಸದು. ಮಲ್ಲಿಗೆ ಕನಕಾಂಬರಗಳನ್ನು ಮಾರಿನಲ್ಲಿ ಅಳೆಯುವ ನಮ್ಮ ಪದ್ಧತಿ ಇಲ್ಲಿಲ್ಲ. ಚೆಂಡುಹೂವಿನ ಉದ್ದುದ್ದ ಸರಗಳನ್ನು ಹಗ್ಗದ ಪಿಂಡಿಯಂತೆ ಕಟ್ಟು ಕಟ್ಟಿ, ಹಳದಿಯದು ಒಂದು ಹೆಗಲಿಗೆ, ಕಿತ್ತಳೆಯದು ಇನ್ನೊಂದು ಹೆಗಲಿಗೆ ಹಾಕಿಕೊಂಡು ನಿಂತ ಮಾರಾಟಗಾರನ ಮುಖ ಮಾತ್ರ ಕಾಣುತ್ತದೆ. ಕಾಳಿಗೆ ಪ್ರಿಯವಾದ ಕೆಂಪು ದಾಸವಾಳದ ಮೊಗ್ಗು ರಾಶಿ ರಾಶಿ, ಸುಗಂಧರಾಜದ ಕಂತೆಗಳು, ದುರ್ಗಾಪೂಜೆಯ ಮುನ್ನ ಎಲೆಯಲ್ಲಿ ಸುತ್ತಿಟ್ಟ ತಾವರೆ ಮೊಗ್ಗು. ನೆಲವೆಲ್ಲ ಕೆಸರು, ಕೊಳೆತ ಎಸಳು. ಮೆಟ್ಟಿಲ ಕೆಳಗೆ, ಅದೇ ನೀರಿನಲ್ಲಿ, ಮಂದಿ ಮುಳುಗಿ ಸ್ನಾನ ಮಾಡುತ್ತಿರುತ್ತಾರೆ. ಪೈಲ್ವಾನರು ಎಣ್ಣೆ ಹಚ್ಚಿಕೊಂಡು ಸಾಮು ಮಾಡುತ್ತಿರುತ್ತಾರೆ.

ಉತ್ತರಕ್ಕೆ ಜಗನ್ನಾಥ್ ಘಾಟ್, ದಕ್ಷಿಣಕ್ಕೆ ಅರ್ಮೇನಿಯನ್ ಘಾಟ್. ಎರಡನೆಯದನ್ನು 1734ರಲ್ಲಿ ಅರ್ಮೇನಿಯದ ವರ್ತಕರೊಬ್ಬರು ಕಟ್ಟಿಸಿದರು. ರೈಲ್ವೆಯ ಟಿಕೆಟ್ ಕಚೇರಿ ಇದ್ದದ್ದು ಇಲ್ಲಿಯೇ. ದಡದಿಂದ ಒಳಕ್ಕೆ ನಡೆದರೆ ಬಡಾಬಜಾರ್, ಸಗಟು ವ್ಯಾಪಾರದ ಕೇರಿ. ಸೀರೆ, ಮಸಾಲೆ, ಸುಗಂಧ, ಬಳೆ, ಪಾತ್ರೆ ಒಂದೊಂದಕ್ಕೂ ಒಂದೊಂದು ‘ಕಟ್ರಾ’, ಅಂದರೆ ಒಳಪೇಟೆ. ಸೇತುವೆಯ ಕಾಲುದಾರಿಯಲ್ಲಿ ತಲೆಯ ಮೇಲೆ ಆಳೆತ್ತರದ ಮೂಟೆ ಹೊತ್ತು ಓಡುನಡಿಗೆಯಲ್ಲಿ ಹೋಗುವವರೆಲ್ಲ ಈ ಪೇಟೆ ಮತ್ತು ನಿಲ್ದಾಣದ ನಡುವಿನ ಕೊಂಡಿ. ಅವರು ನಿಲ್ಲುವುದಿಲ್ಲ, ನಿಂತರೆ ಮೂಟೆ ಇಳಿಸಿ ಮತ್ತೆ ಏರಿಸಲು ಇನ್ನಿಬ್ಬರು ಬೇಕು. ಎದುರಿಗೆ ಬಂದವರೇ ಸರಿದುಕೊಳ್ಳಬೇಕು.

ಬಡಾಬಜಾರನ್ನು ಸೀಳಿಕೊಂಡು ಹೋಗುವ ಮಹಾತ್ಮಾ ಗಾಂಧಿ ರಸ್ತೆಯ ಹಳೆಯ ಹೆಸರು ಹ್ಯಾರಿಸನ್ ರಸ್ತೆ. ಹೌರಾ, ಸಿಯಾಲ್ದಾ ನಿಲ್ದಾಣಗಳನ್ನು ಜೋಡಿಸಲೆಂದೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೆಗೆದದ್ದು. ಹೊಸ ಸೇತುವೆಗೆ ಹೊಂದುವಂತೆ ಬಂದ ಬ್ರೇಬೋರ್ನ್ ರಸ್ತೆಯ ಆಸುಪಾಸು ಹಳೆಯ ಕಲ್ಕತ್ತದ ಪರದೇಶಿ ಸಮುದಾಯಗಳ ನೆಲೆ. 1724ರ ಅರ್ಮೇನಿಯನ್ ಚರ್ಚು, 1799ರ ಪೋರ್ಚುಗೀಸ್ ಇಗರ್ಜಿ, 1884ರ ಮ್ಯಾಗನ್ ಡೇವಿಡ್ ಯಹೂದಿ ಮಂದಿರ ಎಲ್ಲವೂ ಕೂಗಳತೆಯಲ್ಲಿವೆ. ಊರಿನಲ್ಲಿ ಯಹೂದಿಗಳು ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಆ ಮಂದಿರವನ್ನು ತಲೆಮಾರುಗಳಿಂದ ನೋಡಿಕೊಳ್ಳುತ್ತಿರುವವರು ಮುಸ್ಲಿಂ ಕುಟುಂಬದವರು. ಮಂದಿರದ ಎತ್ತರದ ಗೋಪುರ ಬೀದಿ ಅಂಗಡಿಗಳ ಟಾರ್ಪಾಲುಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಅದರ ಬಾಗಿಲು ಹುಡುಕಲು ಹೊಸಬರಿಗೆ ಎರಡು ಸುತ್ತು ಬೇಕಾಗುತ್ತದೆ.

ಬಳಕೆ ಮತ್ತು ಸವೆತ

ದಿನಕ್ಕೆ ಸುಮಾರು ಒಂದು ಲಕ್ಷ ವಾಹನಗಳು, ಒಂದೂವರೆ ಲಕ್ಷಕ್ಕೂ ಹೆಚ್ಚು ಪಾದಚಾರಿಗಳು ದಾಟುತ್ತಾರೆಂಬುದು ರೂಢಿಯ ಅಂದಾಜು. ಸೇತುವೆಯ ಒಡೆತನ, ನಿರ್ವಹಣೆ ಕೋಲ್ಕತ್ತ ಬಂದರಿನದು. ಬಿಸಿಲಿಗೆ ಉಕ್ಕು ಹಿಗ್ಗಿ ಹಗಲಿನಲ್ಲಿ ಸೇತುವೆ ಕೆಲವು ಅಂಗುಲ ಉದ್ದವಾಗುತ್ತದೆ. ಅದಕ್ಕೆ ನಕ್ಷೆಯಲ್ಲೇ ಎಡೆಯಿದೆ. ನಕ್ಷೆ ಮಾಡಿದವರು ಎಣಿಸದಿದ್ದ ಶತ್ರುಗಳು ಎರಡು: ಹಕ್ಕಿಗಳ ಹಿಕ್ಕೆ ಮತ್ತು ಮನುಷ್ಯರ ಎಲೆಅಡಿಕೆ ಉಗುಳು. ತೂಗುಕಂಬಿಗಳ ಬುಡವನ್ನು ಕಾಯುವ ಉಕ್ಕಿನ ಮುಸುಕುಗಳು 2007ರಲ್ಲಿ 6 ಮಿ.ಮೀ. ದಪ್ಪವಿದ್ದವು; 2011ರ ತಪಾಸಣೆಯಲ್ಲಿ 3 ಮಿ.ಮೀ.ಗೂ ಕಡಿಮೆಯಾಗಿದ್ದವು. ಸುಣ್ಣ, ಗುಟ್ಕಾ ಬೆರೆತ ಉಗುಳು ನಾಲ್ಕೇ ವರ್ಷದಲ್ಲಿ ಅರ್ಧ ತಿಂದುಹಾಕಿತ್ತು. ಜಪಾನಿ ಬಾಂಬಿಗೆ ಹೆದರಿ ರಾತ್ರಿ ತೆರೆದ ಸೇತುವೆಯನ್ನು ಹೀಗೆ ಕರಗಿಸಲು ಹೊರಟವರು ಊರಿನವರೇ. ಬುಡಗಳಿಗೆ ಈಗ ತೊಳೆಯಬಹುದಾದ ಫೈಬರ್ ಗ್ಲಾಸ್ ಕವಚ ತೊಡಿಸಿದ್ದಾರೆ.

ಸಿನಿಮಾದವರಿಗೆ ಇದು ಮೊದಲಿಂದಲೂ ಅಚ್ಚುಮೆಚ್ಚು. ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ (1953), ಅಶೋಕ್ ಕುಮಾರ್ ಮತ್ತು ಮಧುಬಾಲಾ ನಟಿಸಿದ ಶಕ್ತಿ ಸಾಮಂತರ ‘ಹೌರಾ ಬ್ರಿಜ್’ (1958) ಮುಖ್ಯವಾದವು. ಸೇತುವೆಯನ್ನು ಕಂಡರಿಯದ ನಮ್ಮ ಕಡೆಯ ಎಷ್ಟೋ ಮಂದಿಗೆ ಆ ಹೆಸರನ್ನು ಮುಟ್ಟಿಸಿದ್ದು ಎರಡನೆಯ ಚಿತ್ರ.

ಕೆಳಹರಿವಿನಲ್ಲಿ 1992ರಲ್ಲಿ ತೆರೆದ ವಿದ್ಯಾಸಾಗರ ಸೇತು ತಂತಿಗಳಿಂದ ಎಳೆದು ಹಿಡಿದ ಬಗೆಯದು. ಅದರ ನಡುವಣ ಅಂತರವೂ 457 ಮೀ.; ಕಟ್ಟಿದ್ದು ಅದೇ ಬ್ರೇತ್‌ವೇಟ್, ಬರ್ನ್ ಅಂಡ್ ಜೆಸ್ಸಪ್. ಭಾರಿ ಲಾರಿಗಳ ಹೊರೆ ಅತ್ತ ಹರಿಯಿತು. ಯಾವ ಹಡಗುಗಳಿಗೆಂದು ಹೌರಾದಲ್ಲಿ ಕಂಬವಿಲ್ಲದ ದಾರಿ ಬಿಟ್ಟರೋ ಆ ಹಡಗುಗಳು ಈಗ ಇಲ್ಲಿಗೆ ಬರುವುದಿಲ್ಲ. ಅವುಗಳ ಹಡಗುಕಟ್ಟೆ ಕೆಳಗೆ ಕಿದರ್‌ಪುರದಲ್ಲಿ, ಇನ್ನೂ ಕೆಳಗೆ ಹಲ್ದಿಯಾದಲ್ಲಿ. ಸೇತುವೆಯಡಿ ಓಡಾಡುವುದು ಲಾಂಚು, ದೋಣಿ.

2024ರ ಮಾರ್ಚಿನಲ್ಲಿ ನದಿಯ ತಳದ ಕೆಳಗೆ ಮೆಟ್ರೊ ಓಡತೊಡಗಿತು. ಸುಮಾರು 520 ಮೀ.ನಷ್ಟು ದೂರ ರೈಲು ನದಿಯಡಿ ಸಾಗುತ್ತದೆ. ಮುಕ್ಕಾಲು ನಿಮಿಷದ ಹಾದಿ. ನದಿ ತಲೆಯ ಮೇಲಿದೆಯೆಂದು ತಿಳಿಸಲು ಸುರಂಗದ ಗೋಡೆಗೆ ನೀಲಿ ದೀಪ ಹಾಕಿದ್ದಾರೆ. 2025ರಲ್ಲಿ ಸಿಯಾಲ್ದಾದ ಕೊಂಡಿಯೂ ಸೇರಿದ ಮೇಲೆ ಹ್ಯಾರಿಸನ್ ರಸ್ತೆ ಮಾಡುತ್ತಿದ್ದ ಕೆಲಸ ನೆಲದಡಿ ಹತ್ತು ಹನ್ನೆರಡು ನಿಮಿಷಕ್ಕೆ ಇಳಿದಿದೆ. ಕಚೇರಿಗೆ ಹೋಗುವ ಹಲವರು ಕೆಳಗಿನ ದಾರಿ ಹಿಡಿದಿದ್ದಾರೆ. ಚೆಂಡುಹೂವಿನ ಕಟ್ಟುಗಳನ್ನು ಮೆಟ್ರೊದೊಳಗೆ ಒಯ್ಯಲಾಗದು. ಅವು ಈಗಲೂ ಬೆಳಗಿನ ನಾಲ್ಕಕ್ಕೆ ತಲೆಯ ಮೇಲೆ ಸೇತುವೆ ದಾಟುತ್ತವೆ.